ಗಂಡನ ಹೆಸರಿಲ್ಲದ ಸಾಲುಗಳು

ಸಂಘದ ವಿಳಾಸ ಪುಸ್ತಕವನ್ನು ಹೊಸದಾಗಿ ಮಾಡುತ್ತೇನೆಂದು ಮೈಮೇಲೆ ಹಾಕಿಕೊಂಡವಳು ನಾನೇ. ಕುಷಾಯಿಗೂಡದ ಮನೆಯಲ್ಲಿ ಒಬ್ಬಳೇ ಭಾನುವಾರ ಕಳೆಯಲು ಬೇರೆ ದಾರಿಯಿರಲಿಲ್ಲ.

ಹೈದರಾಬಾದಿನ ನಮ್ಮ ಕನ್ನಡ ಸಂಘದ್ದು ಹಳೆಯ ಫೈಲು. ಒಬ್ಬೊಬ್ಬರಿಗೆ ಒಂದು ಸಾಲು: ಹೆಸರು, ಗಂಡ ಅಥವಾ ಹೆಂಡತಿಯ ಹೆಸರು, ಸ್ವಂತ ಊರು, ಫೋನು. ನಡುನಡುವೆ ಖಾನೆ ಬೇರ್ಪಡಿಸುವ ಟ್ಯಾಬ್. ಟ್ಯಾಬ್ ಕಂಡಲ್ಲಿ ಕತ್ತರಿಸಿ ತುಣುಕುಗಳನ್ನು ಅವುಗಳ ಖಾನೆಗೆ ಸೇರಿಸುವ ಪ್ರೋಗ್ರಾಂ ಬರೆದೆ. ಯಾವ ಖಾನೆ ಖಾಲಿಯಿದ್ದರೂ ಆ ಸಾಲು ಪುಸ್ತಕದಿಂದ ಹೊರಗೆ ಎಂಬ ನಿಯಮವನ್ನೂ ಹಾಕಿದೆ. ಅಚ್ಚುಕಟ್ಟು ನನ್ನ ಚಟ.

ಹೊರಬಿದ್ದವರೆಲ್ಲ ಹೆಂಗಸರು! ತುಳಸಾಬಾಯಿಯವರ ಗಂಡನ ಖಾನೆಯಲ್ಲಿ ‘ರಾಯಚೂರು’ ಕೂತಿತ್ತು, ಊರಿನ ಖಾನೆಯಲ್ಲಿ ಫೋನ್ ನಂಬರು. ನಕ್ಕುಬಿಟ್ಟೆ. ಆಮೇಲೆ ಹೊಳೆಯಿತು. ನಮ್ಮ ಹಿರಿಯ ಹೆಂಗಸರು ಗಂಡನ ಹೆಸರು ಹೇಳುವುದಿಲ್ಲ. “ನಮ್ಮ ಮನಿಯವರು” ಎಂದು ಸುಮ್ಮನಾಗಿರಬೇಕು. ಟೈಪು ಮಾಡಿದವರು ಖಾಲಿ ಜಾಗಕ್ಕೆ ಟ್ಯಾಬ್ ಯಾಕೆಂದು ಬಿಟ್ಟಿದ್ದಾರೆ, ಉಳಿದದ್ದೆಲ್ಲ ಒಂದೊಂದು ಖಾನೆ ಹಿಂದಕ್ಕೆ ಸರಿದು ಕೊನೆಯದು ಖಾಲಿಯಾಗಿದೆ.

ಹೊರಬಿದ್ದವರಲ್ಲಿ ಸುಹಾಸಿನಿ ಎಂಬ ಹೆಸರೂ ಇತ್ತು. ನಾನೇ. ನನಗೆ ಮದುವೆಯಾಗಿಲ್ಲ. ನಾನು ತೋಡಿದ ಹಳ್ಳಕ್ಕೆ ನಾನೇ ಬಿದ್ದಿದ್ದೆ. ಪುಸ್ತಕದಲ್ಲಿ ಇಲ್ಲದವರಿಗೆ ಸಂಕ್ರಾಂತಿಯ ಕರೆಯಿಲ್ಲ, ವರ್ಷದಲ್ಲಿ ನನ್ನನ್ನು ಯಾರಾದರೂ ಕರೆಯುವುದು ಅದೊಂದಕ್ಕೇ.

ನಿಯಮ ಸಡಿಲಿಸಬಹುದಿತ್ತು. ಹಟಮಾರಿ ನಾನು. ಮೊದಲು ಹೆಸರು ಕೇಳಿ ತುಂಬಿಸೋಣವೆಂದು ಈಗ ಮಲ್ಕಾಜ್‌ಗಿರಿಯಲ್ಲಿರುವ ತುಳಸಾಬಾಯಿಯವರಿಗೆ ಫೋನ್ ಮಾಡಿದೆ.

“ಅಯ್ಯ, ಅವರು ಹೋಗಿ ಭಾಳ ವರ್ಷ ಆತವಾ. ಈಗ್ಯಾಕ ಹೆಸರು?”

“ಖಾನೆ ತುಂಬಬೇಕ್ರಿ, ಕಾಕು.”

“ಹಂಗ ಸುಮ್ಮನ ಹೇಳಾಕ ಬರಂಗಿಲ್ಲ. ಪ್ರಾಸದಾಗ ಹೆಸರಿಟ್ಟು ಒಡಪ ಕಟ್ಟಿ ಹೇಳ್ತೀನಿ, ತಡಿ.” ಗಂಟಲು ಸರಿಮಾಡಿಕೊಂಡರು. “ಮಲ್ಕಾಜ್‌ಗಿರಿ ಟೇಶನ್ನಿಗೆ ಬಂತು ರಾಯಚೂರ ಗಾಡಿ, ಪ್ರಹ್ಲಾದರಾಯರು ಇಳದು ಬಂದ್ರು ನನ್ನ ಮಾರಿ ನೋಡಿ!”

ಹೇಳಿ ಹುಡುಗಿಯಂತೆ ನಕ್ಕರು. “ಕೇಳವರ ಇರಲಿಲ್ಲ ನೋಡವಾ. ಈಗ ನಿಂದು ಹೇಳು.”

“ನನಗ ಯಾರೂ ಇಲ್ರಿ. ನನ್ನ ಸಾಲೂ ಹೊರಗ ಬಿದ್ದೈತಿ.”

“ಏನಂದಿ ನಿನ್ನ ಹೆಸರು?”

“ಸುಹಾಸಿನಿ.”

“ಕುಷಾಯಿಗೂಡದಾಗ ಐತಿ ಒಂದು ಮನಿ, ಅಲ್ಲಿಂದ ನನ್ನ ನೆನಿಸ್ಯಾಳ ನಮ್ಮ ಸುಹಾಸಿನಿ.”

ನನ್ನ ಹೆಸರನ್ನು ಯಾರಾದರೂ ಅಷ್ಟು ಅಕ್ಕರೆಯಿಂದ ಹೇಳಿ ಎಷ್ಟು ಕಾಲವಾಗಿತ್ತೋ. ಅಳು ಬಂತು. ಫೋನ್ ಹಿಡಿದೇ ನಿಯಮವನ್ನು ಅಳಿಸಿದೆ, ನನ್ನ ಸಾಲಿನ ಖಾಲಿ ಜಾಗಕ್ಕೊಂದು ಟ್ಯಾಬ್ ಒತ್ತಿದೆ.

“ಮತ್ತ ಏನರ ಕೇಳೂದು ಉಳದೈತೇನವಾ, ನಾಳಿಗೆ?” ಎಂದರು ತುಳಸಾಬಾಯಿ.

ಅವರ ಸಾಲಿನ ಖಾನೆಗಳೆಲ್ಲ ತುಂಬಿದ್ದವು.

“ಭಾಳ ಉಳದೈತ್ರಿ, ಕಾಕು,” ಎಂದೆ.