ಬೇಡವೆಂದ ರೈಲು

ಪಾಪಕ್ಕನ ಕಣ್ಣು ಹೋದದ್ದು ಅವಳಪ್ಪ ಪಾತಣ್ಣನ ಎತ್ತಿನ ಹುಚ್ಚಿನಿಂದ ಎಂದು ಬಿ.ಜಿ. ಕೆರೆಯ ಸುತ್ತಿನ ಹಳ್ಳಿಗಳಲ್ಲಿ ಈಗಲೂ ಹೇಳುವವರಿದ್ದಾರೆ. ಪಾತಣ್ಣ ನನ್ನ ಗಂಡ. ತೀರಿಕೊಂಡು ಹನ್ನೊಂದು ವರ್ಷವಾಯಿತು. ಆ ಮಾತು ಸುಳ್ಳು. ಸುಳ್ಳೆಂದು ತಿಳಿದಿದ್ದವರು ಇಬ್ಬರೇ, ಅವರು ಮತ್ತು ನಾನು.

ಆಗ ರಾಯದುರ್ಗಕ್ಕೆ ರೈಲು ಬಂದು ಎರಡು ವರ್ಷವಾಗಿತ್ತು. ಪಾಪಕ್ಕನಿಗೆ ಆರು ವರ್ಷ. ಹೊಲದ ಬೇಲಿಗೆ ಜಾಲಿ ಕಡಿದು ಹಾಕುವಾಗ ಒಂದು ಕೊಂಬೆ ಚಿಮ್ಮಿ ಮುಳ್ಳು ಅವಳ ಎಡಗಣ್ಣಿಗೆ ನಾಟಿತು. ಮುಳ್ಳು ಕಿತ್ತೆವು. ಬಾಣಂತಿಯೊಬ್ಬಳನ್ನು ಕರೆದು ಎದೆಹಾಲು ಹಿಂಡಿಸಿದೆವು, ನಂದಿಬಟ್ಟಲ ಹೂವಿನ ರಸ ಬಿಟ್ಟೆವು. ಹತ್ತು ದಿನ ಹೀಗೇ ಹೋಯಿತು. ಕಣ್ಣು ಊದಿ ಕೀವು ಕಟ್ಟಿತು, ಮೈ ಸುಡತೊಡಗಿತು. ಆಮೇಲೆ ಚಳ್ಳಕೆರೆಯ ದವಾಖಾನೆಗೆ ಹೊತ್ತುಕೊಂಡು ಹೋದೆವು.

ಅಲ್ಲಿಯ ಡಾಕ್ಟರು ರೆಪ್ಪೆ ಬಿಡಿಸಿ ನೋಡಿ ಕೈ ತೊಳೆದುಕೊಂಡರು.

“ಈ ಕಣ್ಣು ಹೋಯ್ತಮ್ಮ. ಇದನ್ನ ಬೇಗ ತೆಗೆಸದಿದ್ರೆ ಇನ್ನೊಂದಕ್ಕೂ ಹತ್ತುತ್ತೆ. ನನ್ನ ಕೈಲಿ ಆಗೋ ಕೆಲಸ ಅಲ್ಲ. ಬೆಂಗಳೂರಿನ ದೊಡ್ಡಾಸ್ಪತ್ರೆಗೆ ಹೋಗಿ. ನಾಳೇನೇ ಹೊರಡಿ, ಒಂದು ದಿನಾನೂ ಕಳೀಬೇಡಿ.”

ಒಂದು ಚೀಟಿ ಬರೆದುಕೊಟ್ಟರು. ಮನೆಗೆ ಬಂದು ಅಂಗಳದಲ್ಲಿ ಕೂತೆವು. ನಮ್ಮ ಯಜಮಾನರು ಬೆರಳಿನಿಂದ ಮಣ್ಣಿನ ಮೇಲೆ ದಾರಿ ಗೀಚಿದರು.

“ರಾಯದುರ್ಗಕ್ಕೆ ಒಂದು ದಿನದ ಗಾಡಿ ಹಾದಿ. ಅಲ್ಲಿ ರೈಲು ಹತ್ತಿದ್ರೆ ಬಳ್ಳಾರಿ, ಗುಂತಕಲ್ಲು, ಬೆಂಗಳೂರು. ಮೂರನೇ ದಿನಕ್ಕೆ ಆಸ್ಪತ್ರೆ ಬಾಗಲಾಗೆ ಇರ್ತೀವಿ.”

“ನಮ್ಮ ಗಾಡೀಲೇ ಹೋದ್ರೆ?”

“ಹಿರಿಯೂರು, ಶಿರಾ, ತುಮಕೂರು. ಏಳು ದಿನ ಬೇಕು. ರೈಲೇ ಸೈ.”

ಎತ್ತೆಂದರೆ ಪ್ರಾಣ ಬಿಡುತ್ತಿದ್ದ ಮನುಷ್ಯ ಆಡಿದ ಮಾತು ಇದು. ಉಳ್ಳಾರ್ತಿ ಕಾವಲಿನ ಹೆಸರಾಂತ ತಳಿಯ ಆ ಜೋಡಿಯನ್ನು ತೊಳೆಯದೆ ತಾವು ಸ್ನಾನ ಮಾಡುತ್ತಿರಲಿಲ್ಲ. “ನೀನು ನಿನ್ನ ಗಂಡಗೆ ಮೂರನೇ ಹೆಂಡ್ತಿ ಕಣೇ ಬೋರಕ್ಕ, ಮೊದಲಿನವೆರಡು ಕೊಟ್ಟಿಗ್ಯಾಗವೆ” ಎಂದು ಪಕ್ಕದ ಮನೆಯ ಸೂರಮ್ಮ ಅಣಕಿಸುತ್ತಿದ್ದಳು.

ಆ ದಿನ ಸೂರಮ್ಮನೂ ಅಂಗಳದಲ್ಲಿದ್ದಳು. ಮೊಳಕಾಲ್ಮೂರಿನ ನೇಕಾರರ ಮನೆಯ ಮಗಳು. ರೈಲು ಎಂದ ಕೂಡಲೇ ಎದೆ ಹಿಡಿದುಕೊಂಡಳು.

“ಅಮ್ಮೋ, ರೈಲಾ? ನಮ್ಮತ್ತೆ ತಂಗೀನ ಟೇಶನ್ನಾಗೆ ಡಾಕ್ಟ್ರು ಕೈ ಹಿಡ್ದು ನೋಡಿದ್ರು. ಮೈ ಬಿಸಿ ಐತೆ ಅಂದ್ರು. ಇಳಿಸ್ಕಂಡು ಪಿಳೇಗಿನ ಜೋಪಡಿಗೆ ಹಾಕಿದ್ರು. ಹೋಗಿದ್ದು ಕಂಡೋರವರೆ, ಬಂದಿದ್ದು ಕಂಡೋರಿಲ್ಲ. ಈ ಕೂಸಿನ ಮೈ ನೋಡು, ಕೆಂಡ ಆಗೈತೆ.”

“ಜೋಪಡಿಗೆ ತಾಯಿನೂ ಬಿಡ್ತಾರಾ?” ಎಂದೆ.

“ತಾಯೀನ ಯಾಕೆ ಬಿಡ್ತಾರೆ?”

ಅದಕ್ಕೆ ಹಿಂದಿನ ವರ್ಷವಷ್ಟೇ ನಾವು ಪ್ಲೇಗಿಗೆ ಹೆದರಿ ಊರು ಬಿಟ್ಟು ಮೂರು ತಿಂಗಳು ಹೊಲದಲ್ಲಿ ಗುಡಿಸಲು ಹಾಕಿಕೊಂಡಿದ್ದೆವು. ಸತ್ತವರನ್ನು ಹೊತ್ತು ಮಣ್ಣು ಮಾಡಿ ಬಂದವರು ಮನೆಗೂ ಹೋಗದೆ ಬೇಲಿಯ ಹೊರಗೆ ಕೂತಿದ್ದುದನ್ನು ನಾನು ಕಂಡಿದ್ದೆ. ಮಗಳು ಒಬ್ಬಳೇ, ಕಣ್ಣು ಕಟ್ಟಿಕೊಂಡು, ಯಾರದೋ ಜೋಪಡಿಯಲ್ಲಿ ಅವ್ವ ಅವ್ವ ಎಂದು ಕೂಗುವಂತೆ ನನ್ನ ಕಿವಿಗೆ ಕೇಳಿಸತೊಡಗಿತು.

“ರೈಲು ಬ್ಯಾಡ,” ಎಂದೆ.

“ಲೇ ಬೋರಿ, ಇದು ಕಣ್ಣಿನ ಜ್ವರ. ಡಾಕ್ಟರ ಚೀಟಿ ತೋರಿಸಿದ್ರೆ ಬಿಡ್ತಾರೆ.”

“ಬಿಡದಿದ್ರೆ? ಕೂಸನ್ನ ಅವರ ಕೈಗೆ ಕೊಡಾಕಿಲ್ಲ. ರೈಲು ಅಂದ್ರೆ ನಾನೂ ಬರಾಕಿಲ್ಲ, ಅವಳನ್ನೂ ಕಳಿಸಾಕಿಲ್ಲ.”

ಅವರು ಎದ್ದು ಮಣ್ಣಿನ ಮೇಲಿನ ಗೀಟುಗಳನ್ನು ಸ್ವಲ್ಪ ಹೊತ್ತು ನೋಡಿದರು. ಆಮೇಲೆ ಗಾಡಿಯ ಅಚ್ಚಿಗೆ ಎಣ್ಣೆ ಹಾಕಲು ಹೋದರು.

ಬುಧವಾರ ಹೊರಟೆವು. ಬಿಸಿಲಿಗೆ ಕಂಬಳಿ ಕಟ್ಟಿ, ಹುಲ್ಲಿನ ಮೇಲೆ ಅವಳನ್ನು ಮಲಗಿಸಿದೆ. ಮೊದಲ ದಿನಗಳಲ್ಲಿ ಬಲಗಣ್ಣು ನೆಟ್ಟಗಿತ್ತು. ಹಾದಿಯ ಹುಣಸೆ ಮರಗಳನ್ನು ಎಣಿಸುತ್ತಾ ಬಂದಳು. ಇಪ್ಪತ್ತರ ಮುಂದೆ ಬಾರದೆ ಮತ್ತೆ ಒಂದರಿಂದ ಶುರು ಮಾಡುತ್ತಿದ್ದಳು. ಭಾನುವಾರ ಶಿರಾ ದಾಟಿದ ಮೇಲೆ ಎಣಿಸುವುದು ನಿಂತಿತು.

“ಅವ್ವ, ಬಿಸಿಲು ಈ ಕಣ್ಣಿಗೂ ಚುಚ್ತೈತೆ.”

ನೋಡಿದೆ. ಕೆಂಪಗಿತ್ತು.

ಮರುದಿನ ಸೋಮವಾರ. ನಮ್ಮ ಕಡೆ ಸೋಮವಾರ ಎತ್ತಿನ ಹೆಗಲಿಗೆ ನೊಗ ಇಡುವುದಿಲ್ಲ, ಅದು ಬಸವಣ್ಣನ ವಾರ. ಊರಿನಲ್ಲಿ ಆ ದಿನ ತಾನಾಗಿ ಬಂದು ಹೋಗುತ್ತದೆ, ಯಾರೂ ಅದನ್ನು ನೆನಪಿಟ್ಟುಕೊಳ್ಳಬೇಕಾಗಿಲ್ಲ. ಅದಕ್ಕೇ ಏಳು ದಿನವೆಂದು ಎಣಿಸುವಾಗ ನಡುವೆ ಒಂದು ಸೋಮವಾರವಿದೆ ಎಂಬುದು ಇಬ್ಬರಿಗೂ ಹೊಳೆಯಲಿಲ್ಲ. ನಾವು ತಂಗಿದ್ದ ತೋಪಿನಲ್ಲಿ ಬೇರೆ ಗಾಡಿಗಳೂ ಎತ್ತು ಬಿಚ್ಚಿ, ನೊಗ ಕಟ್ಟುವ ಮೂಕಿಯನ್ನು ನೆಲಕ್ಕಿಟ್ಟು ನಿಂತಿದ್ದವು.

ಬೆಳಿಗ್ಗೆ ಅವರು ಎತ್ತು ಹಿಡಿದು ತಂದರು, ನೊಗ ಎತ್ತಿದರು. ನಾನು ಓಡಿ ಹೋಗಿ ಹಿಡಿದುಕೊಂಡೆ.

“ಇವತ್ತು ಸೋಮವಾರ!”

“ಗೊತ್ತು. ಬಿಡು.”

“ಗೊತ್ತಿದ್ದೂ ಕಟ್ತೀರಾ? ಬಸವಣ್ಣನ ಮೇಲೆ ನೊಗ ಇಟ್ಟು ಹೊರಟ್ರೆ ಆ ಕಣ್ಣು ಉಳೀತೈತಾ?”

“ಮಕ್ಕಳ ಕಷ್ಟ ಬಸವಣ್ಣಗೆ ತಿಳಿಯಲ್ವೇನೇ?” ಅವರು ನೊಗ ಜಗ್ಗಿದರು. ಎತ್ತಿಗೆ ಒಂದು ಏಟು ಹಾಕದ ಮನುಷ್ಯ ನನ್ನನ್ನು ನೂಕಿಯಾರು ಅನ್ನಿಸಿತು. ನೂಕಲಿಲ್ಲ. ನಾನು ಮೂಕಿಯ ಮೇಲೆ ಕೂತುಬಿಟ್ಟೆ. ಅವರು ನೊಗ ಇಳಿಸಿ, ಎತ್ತುಗಳಿಗೆ ಹುಲ್ಲು ಹಾಕಿ, ಆ ದಿನವೆಲ್ಲ ಮಗಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಒದ್ದೆ ಬಟ್ಟೆ ಬದಲಾಯಿಸುತ್ತಾ ಕೂತರು.

ಮಂಗಳವಾರ ತುಮಕೂರಿನಲ್ಲಿ ರೈಲಿನ ಕೂಗು ಕೇಳಿಸಿತು. ಅವರು ಗಾಡಿ ನಿಲ್ಲಿಸಿ ತಿರುಗಿ ನನ್ನ ಮುಖ ನೋಡಿದರು. ನಾನು ಸೆರಗಿನಿಂದ ಮಗುವನ್ನು ಮುಚ್ಚಿಕೊಂಡೆ. ಗಾಡಿ ಮುಂದೆ ಹೋಯಿತು.

ಎಂಟನೆಯ ದಿನ ಸಂಜೆ ಆಸ್ಪತ್ರೆ. ಡಾಕ್ಟರು ಚೀಟಿ ಓದಿ, ಬಲಗಣ್ಣಿಗೆ ದೀಪ ಹಿಡಿದು ಬಹಳ ಹೊತ್ತು ನೋಡಿದರು.

“ಇದು ಯಾವಾಗ ಕೆಂಪಾಯಿತು?”

“ಭಾನುವಾರ, ಬುದ್ಧಿ. ನಿನ್ನೆಯಿಂದ ಮಬ್ಬು ಅಂತಾಳೆ,” ಎಂದೆ.

“ಯಾವುದರಲ್ಲಿ ಬಂದಿರಿ?”

“ಗಾಡಿಯಾಗೆ,” ಎಂದರು ನಮ್ಮ ಯಜಮಾನರು.

“ರಾಯದುರ್ಗದಲ್ಲಿ ರೈಲಿದೆಯಲ್ಲಯ್ಯಾ! ಗಾಡಿ ಕಟ್ಟು ಅಂದವರು ಯಾರು?”

ನಾನು ಬಾಯಿ ತೆರೆಯುವುದರೊಳಗೆ ಅವರು ಹೇಳಿದ್ದರು: “ನಾನೇ, ಸ್ವಾಮಿ. ಎತ್ತು ಬಿಟ್ಟು ಬರಾಕೆ ಮನಸ್ಸಾಗಲಿಲ್ಲ.”

ನಾನು ಆಗಲೂ ಹೇಳಬಹುದಿತ್ತು. ಮಗುವನ್ನು ಹಿಡಿದುಕೊಂಡು ನಿಂತೇ ಇದ್ದೆ.

ಮರುದಿನ ಎಡಗಣ್ಣು ತೆಗೆದರು. ಬಲಗಣ್ಣಿಗೆ ತಿಂಗಳುಗಟ್ಟಲೆ ಔಷಧಿ ಹಾಕಿದರೂ ಬೆಳಕು ನಿಲ್ಲಲಿಲ್ಲ. ಒಂದು ದಿನ ಮೊದಲೇ ಬಂದಿದ್ದರೆ ಉಳಿಯುತ್ತಿತ್ತೇ, ಐದು ದಿನ ಮೊದಲಾದರೆ ಉಳಿಯುತ್ತಿತ್ತೇ ಎಂದು ನಾನು ಡಾಕ್ಟರನ್ನು ಕೇಳಲಿಲ್ಲ.

ಊರಿಗೆ ಬಂದ ಮೇಲೂ ಅವರು ಅದೇ ಮಾತು ಹೇಳಿದರು. “ಮಗಳ ಕಣ್ಣಿಗಿಂತ ಎತ್ತು ಹೆಚ್ಚಾಯ್ತೇನಲೇ ನಿಂಗೆ?” ಎಂದು ಅವರ ಒಡಹುಟ್ಟಿದ ಅಣ್ಣನೇ ನಾಲ್ಕು ಜನರ ಮುಂದೆ ಬೈದ. ಇವರು ತಲೆ ತಗ್ಗಿಸಿ ನಿಂತರು. ಸೂರಮ್ಮನಿಗೆ ನಿಜ ಗೊತ್ತಿರಬೇಕಿತ್ತು. ಆದರೆ ಗಂಡಸಿನ ಮಾತೇ ನಡೆದಿರುತ್ತದೆ ಎಂದು ಅವಳೂ ನಂಬಿದಳು.

ಪಾಪಕ್ಕನೂ ಇದನ್ನೇ ಕೇಳುತ್ತಾ ಬೆಳೆದಳು. ಅಪ್ಪ ನೀರು ತಂದುಕೊಟ್ಟರೆ ಕೈ ಚಾಚುತ್ತಿರಲಿಲ್ಲ, “ಅಲ್ಲಿಡು” ಎನ್ನುತ್ತಿದ್ದಳು. ಅವರು ಅಲ್ಲಿಟ್ಟು ಹೋಗುತ್ತಿದ್ದರು. ಅವರು ಸತ್ತ ದಿನ ಮಣ್ಣಿಗೂ ಅವಳು ಬರಲಿಲ್ಲ.

ಹೋದ ತಿಂಗಳು ಅವಳಿಗೆ ಹೇಳಿದೆ. ಜಗಲಿಯ ಮೇಲೆ ಉಣ್ಣೆ ನೂಲುತ್ತಾ ಕೂತಿದ್ದಳು. ರೈಲು, ಜೋಪಡಿ, ಸೋಮವಾರ, ಎಲ್ಲ ಹೇಳಿದೆ. ರಾಟೆ ನಿಂತಿತು.

“ಅಪ್ಪ ಯಾಕೆ ಹಂಗಂದ?”

“ನನ್ನ ಮೇಲೆ ನಿನಗೆ ಸಿಟ್ಟು ಬಂದ್ರೆ ನಿನ್ನ ನೋಡ್ಕಳೋರು ಯಾರು ಅಂತ ಇದ್ದೀತು. ನಾನು ಕೇಳಲಿಲ್ಲ.”

“ನೀನ್ಯಾಕೆ ಸುಮ್ನಿದ್ದೆ?”

“ಸುಮ್ನಿರೋದು ಸಲೀಸಾಗಿತ್ತು, ಮಗಳೇ.”

ಅವಳು ರಾಟೆಯನ್ನು ಪಕ್ಕಕ್ಕೆ ಸರಿಸಿದಳು. ಆಮೇಲೆ ಗೋಡೆ ಹಿಡಿದು ಎದ್ದಳು.

“ಅಪ್ಪನ್ನ ಎಲ್ಲಿ ಮಣ್ಣು ಮಾಡಿದ್ರಿ? ತೋರ್ಸು ನಡಿ.”

ನಾನು ಕೈ ಚಾಚಿದೆ. ನನ್ನ ಬೆರಳು ಅವಳ ಕೈಗೆ ತಾಗಿತು, ಆದರೂ ಹಿಡಿಯಲಿಲ್ಲ. ಕೋಲು ತಡಕಿ ತೆಗೆದುಕೊಂಡು, ನನ್ನ ಹೆಜ್ಜೆಯ ಸದ್ದಿಗೆ ಕಿವಿಗೊಟ್ಟು, ಹಿಂದೆ ಹಿಂದೆ ಬಂದಳು.