ಹೆಸರು ಕೇಳುವ ಹೊತ್ತು

“ಎಷ್ಟು ಮಂದಿ ಫಾರಿನ್ನವರು ಅದಾರ್ರಿ ಇಲ್ಲಿ?” ಆಟೋ ಓಡಿಸುವ ಖಾಕಿ ಅಂಗಿಯ ಗುಂಡಿಗಳನ್ನು ಕುತ್ತಿಗೆಯವರೆಗೆ ಹಾಕಿಕೊಂಡು, ಇಲ್ಲದ ಗತ್ತನ್ನು ತಂದುಕೊಂಡು ಹುಲಗಪ್ಪ ಕೇಳಿದ.

“ಮೊದ್ಲ ಕನ್ನಡಿಯಾಗ ಮಾರಿ ನೋಡ್ಕೊಂಡು ಬಾ. ಸಾಹೇಬ ಅಂತ ಸಾಹೇಬ!” ಎಂದಳು ಕಟ್ಟೆಯ ಮೇಲೆ ಅಕ್ಕಿ ಆರಿಸುತ್ತಿದ್ದ ಶಾಹಜಾದಬಿ.

“ಅತ್ತೀ, ನಗಬ್ಯಾಡ್ರಿ. ಮಧ್ಯಾಹ್ನ ಖರೇನ ಬರ್ತಾರ,” ಎಂದಳು ಸೊಸೆ ಹಸೀಬಾ. ಅವಳ ಕೈಯಲ್ಲಿ ದಪ್ಪನೆಯ ಫೈಲಿತ್ತು.

ಇಮಿಗ್ರೇಶನ್ ಇಲಾಖೆಯವರು ಹನುಮನಹಳ್ಳಿಯ ಗೆಸ್ಟ್‌ಹೌಸುಗಳನ್ನು ಒಂದೊಂದಾಗಿ ನೋಡುತ್ತ ಬರುತ್ತಿದ್ದರು. ವಿದೇಶದವರು ಬಂದಿಳಿದ ಇಪ್ಪತ್ತನಾಲ್ಕು ತಾಸಿನೊಳಗೆ ಅವರ ಪಾಸ್‌ಪೋರ್ಟು, ವೀಸಾದ ವಿವರ ಇಲಾಖೆಗೆ ಮುಟ್ಟಬೇಕು. ಮುಟ್ಟಿಸದ ಒಂದು ಗೆಸ್ಟ್‌ಹೌಸಿಗೆ ಹೋದ ವಾರವೇ ಬೀಗ ಬಿದ್ದಿತ್ತು. ಹಸೀಬಾಳಿಗೆ ಇದ್ದದ್ದು ನಾಲ್ಕೇ ನಾಲ್ಕು ರೂಮು, ಗಂಡ ನಜೀಬ ಸಾಯುವ ಮುಂಚೆ ಕಟ್ಟಿಸಿದ್ದು. ಅತ್ತೆ ಸೊಸೆಯರ ಹೊಟ್ಟೆಬಟ್ಟೆ ನಡೆಯುವುದು ಅದರ ಮೇಲೆಯೇ. ತಂಗಿಯ ಬಾಣಂತನಕ್ಕೆಂದು ಮೂರು ದಿನದ ಹಿಂದೆ ಗಂಗಾವತಿಗೆ ಹೋಗಿದ್ದವಳನ್ನು ಹುಲಗಪ್ಪ ಫೋನು ಮಾಡಿ, ಬೆಳಿಗ್ಗೆ ತನ್ನ ಆಟೋದಲ್ಲೇ ಕರೆದುಕೊಂಡು ಬಂದಿದ್ದ. ಸಾಹೇಬರ ಮುಂದೆ ಬಾಯಿ ತಡವರಿಸಬಾರದೆಂದು ಈಗ ಈ ತಾಲೀಮು ನಡೆದಿತ್ತು.

“ನಾಕು ಮಂದಿ ಅದಾರ್ರಿ,” ಎಂದು ಹಸೀಬಾ ಫೈಲು ಬಿಚ್ಚಿದಳು. “ಎಲ್ಲಾರೂ ಬೆಟ್ಟದ ಬಂಡೆಗಲ್ಲು ಹತ್ತೋ ಹುಡುಗರು. ನಾಕೂ ಕಾಗದ ಇಲ್ಲಿ ಅದಾವ.”

ಹುಲಗಪ್ಪ ಎಂಜಲು ಹಚ್ಚಿ ಹಾಳೆ ತಿರುವಿದ. ಭೇಷ್ ಎಂದ. ಆಮೇಲೆ ಪಾತ್ರ ಮೈಮೇಲೆ ಬಂದು, ಮನೆಯ ಹಿಂದಕ್ಕೂ ಒಂದು ಸುತ್ತು ಹೊಡೆದ. ಅಲ್ಲಿಂದ ಅವನ ಸ್ವಂತ ದನಿಯೇ ಕೇಳಿಸಿತು.

“ಹಸೀಬಕ್ಕಾ, ಆ ಹುಡುಗರು ಬೂಟು ಹಾಕ್ಕೊಂಡ ಬೆಟ್ಟಕ್ಕ ಹೋಗ್ಯಾರಲ್ಲ? ಮತ್ತ ಇವು ಯಾರವು?”

ಅತ್ತೆಯ ಕೋಣೆಯ ಹೊಸ್ತಿಲಲ್ಲಿ ಕೆಸರು ಮೆತ್ತಿದ ಒಂದು ಜೊತೆ ಬೂಟು ಒಣಗುತ್ತಿದ್ದವು.

“ಮೆಹಮಾನರವು,” ಎಂದಳು ಶಾಹಜಾದಬಿ, ಮೊರದಿಂದ ತಲೆ ಎತ್ತದೆ. “ನನ್ನಷ್ಟ ವಯಸ್ಸಿನ ಹೆಣ್ಣುಮಗಳು. ಜ್ವರ ಬಂದೈತಿ. ಗಂಜಿ ಕುಡಿಸಿ ಮಲಗಿಸೀನಿ.”

“ಫಾರಿನ್ನವರೇನ್ರಿ?”

“ಹೂಂ.”

“ಹೆಸರೇನು?”

“ಕೇಳಿಲ್ಲ.”

“ಯಾವ ದೇಶ?”

“ಕೇಳಿಲ್ಲ ಅಂದ್ನಲ್ಲ.”

“ಬಂದದ್ದು ಯಾವಾಗ್ರಿ ಅತ್ತೀ?” ಹಸೀಬಾ ಅತ್ತೆಯ ಎದುರಿಗೆ ಬಂದು ಕೇಳಿದಳು.

“ನೀ ಗಂಗಾವತಿಗೆ ಹೋದಿ ನೋಡು, ಅವತ್ತ ಸಂಜಿಮುಂದ. ರೂಮು ತುಂಬಿದ್ವು. ಬಾಗಲಿಗೆ ಬಂದು ಕುಸದು ಕುಂತಳು.”

ಶಾಹಜಾದಬಿಯ ತವರಿನಲ್ಲಿ ಒಂದು ರಿವಾಜು ಇತ್ತು. ಬಾಗಿಲಿಗೆ ಬಂದ ಮೆಹಮಾನನನ್ನು ಮೂರು ದಿನ ತುಂಬುವತನಕ ಹೆಸರು, ಊರು, ಬಂದ ಕೆಲಸ ಯಾವುದನ್ನೂ ಕೇಳಬಾರದು. ಮೊದಲು ಅನ್ನ, ನೀರು, ಹಾಸಿಗೆ. ರೂಮಿಗೆ ಬಂದವರು ಸೊಸೆಯ ಗಿರಾಕಿಗಳು, ಅವರ ಲೆಕ್ಕ ಬೇರೆ. ತನ್ನ ಕೋಣೆಯಲ್ಲಿ ಮಲಗಿದವಳು ತನ್ನ ಮೆಹಮಾನಳು. ಹಾಗಂತ ಮುದುಕಿಗೆ ಕುತೂಹಲ ಇರಲಿಲ್ಲವೆಂದಲ್ಲ. ಬಸ್ಸಿನಲ್ಲಿ ಪಕ್ಕಕ್ಕೆ ಕೂತವರ ಮಕ್ಕಳೆಷ್ಟು, ಅಳಿಯ ಏನು ಮಾಡುತ್ತಾನೆ ಎಂದು ಇಳಿಯುವುದರೊಳಗೆ ತಿಳಿದುಕೊಳ್ಳುವ ಹೆಂಗಸು ಅವಳು. ಈ ಮೂರು ದಿನ ಬಾಯಿ ಕಟ್ಟಿಕೊಂಡು ಹೊಟ್ಟೆ ಉಬ್ಬಿ ಸಾಯುವುದೊಂದು ಬಾಕಿಯಿತ್ತು.

“ಇವತ್ತ ಸಂಜಿಗೆ ಮೂರು ದಿನ ತುಂಬತಾವ. ಮಸೀದಿಯಾಗ ಬಾಂಗ್ ಆದ ಕೂಡ್ಲೇ ಕೇಳಾಕಿದ್ದೆ,” ಎಂದಳು, ಅದೇ ದೊಡ್ಡ ಸಮಾಧಾನವೆಂಬಂತೆ.

ಹಸೀಬಾಳಿಗೆ ಸಿಟ್ಟು ನೆತ್ತಿಗೇರಿತು. “ಬೀಗ ಹಾಕಿದ್ರ ಏನು ತಿನ್ನೂದ್ರಿ? ಈ ರಿವಾಜು ಬೇಯಿಸ್ಕೊಂಡು ತಿನ್ನೂದೇನು?”

“ಅಕ್ಕಾ, ಆಟೋ ಐತಿ,” ಹುಲಗಪ್ಪ ದನಿ ತಗ್ಗಿಸಿದ. “ಆಕಿನ್ನ ಆನೆಗುಂದಿಯಾಗ ಒಂದೆರಡು ತಾಸು ಕುಂದ್ರಿಸ್ತೀನಿ. ಸಾಹೇಬ್ರು ಹೋದಮ್ಯಾಲೆ ಹೊಳ್ಳಿ ಕರ್ಕೊಂಡು ಬಂದ್ರಾತು.”

ಹಸೀಬಾಳ ಮನಸ್ಸು ಆ ಕಡೆಗೇ ವಾಲಿತು. ಅಕ್ಕಿ ಆರಿಸುತ್ತಿದ್ದ ಅತ್ತೆಯ ಕೈ ನಿಂತಿತು.

“ನನಗ ಕಾನೂನು ತಿಳಿಯಾಂಗಿಲ್ಲವ್ವ,” ಎಂದಳು ಶಾಹಜಾದಬಿ. “ಕಳಸೂದಿದ್ರ ಕಳಸು. ಆದ್ರ ಎಬ್ಬಿಸೂದು ನೀನ ಎಬ್ಬಿಸು. ನನ್ನ ಕೈಲೆ ಆಗೂದಿಲ್ಲ.”

ಹಸೀಬಾ ಒಳಗೆ ಹೋದಳು. ಬಿಳಿ ಕೂದಲನ್ನು ಗಿಡ್ಡಕ್ಕೆ ಕತ್ತರಿಸಿಕೊಂಡಿದ್ದ ಹೆಂಗಸು, ಅತ್ತೆಯ ಕೌದಿಯನ್ನು ಗದ್ದದವರೆಗೆ ಹೊದ್ದು ಮಲಗಿದ್ದಳು. ಎಬ್ಬಿಸಲೆಂದು ತೋಳು ಮುಟ್ಟಿದರೆ ಮೈ ಇನ್ನೂ ಸುಡುತ್ತಿತ್ತು. ಅವಳು ಕಣ್ಣು ಬಿಟ್ಟಳು. ಅಪರಿಚಿತ ಮುಖ ನೋಡಿ ಗಾಬರಿಯಾಗಿ, ಬಾಗಿಲ ಕಡೆ ಹುಡುಕುತ್ತ, “ಅಮ್ಮಾ?” ಎಂದಳು. ಮೂರು ದಿನದಲ್ಲಿ ಅವಳು ಕಲಿತದ್ದು ಅದೊಂದೇ ಮಾತು.

ಇವಳನ್ನು ಆಟೋದಲ್ಲಿ ಕೂರಿಸುವುದು ತನ್ನಿಂದಲೂ ಆಗುವುದಿಲ್ಲವೆಂದು ಹಸೀಬಾಳಿಗೆ ಗೊತ್ತಾಯಿತು. ನಿಟ್ಟುಸಿರುಬಿಟ್ಟು, “ಪಾಸ್‌ಪೋರ್ಟ್?” ಎಂದಳು. ಆ ಹೆಂಗಸು ತಲೆದಿಂಬಿನ ಕೆಳಗಿಂದ ಪ್ಲಾಸ್ಟಿಕ್ ಚೀಲವನ್ನು ತೆಗೆದುಕೊಟ್ಟಳು. ಇದನ್ನು ಯಾರೂ ಯಾಕೆ ಕೇಳುತ್ತಿಲ್ಲವೆಂದು ಅವಳಿಗೂ ಅಚ್ಚರಿಯಾಗಿದ್ದಿರಬೇಕು.

“ಓದಬ್ಯಾಡ! ಜೋರಾಗಿ ಓದಬ್ಯಾಡ!” ಎನ್ನುತ್ತ ಶಾಹಜಾದಬಿ ಸೆರಗಿನಿಂದ ಎರಡೂ ಕಿವಿ ಮುಚ್ಚಿಕೊಂಡು ಅಡಿಗೆಮನೆಗೆ ಓಡಿದಳು.

ಹಸೀಬಾ ಮೊಬೈಲಿನಲ್ಲಿ ಇಲಾಖೆಯ ಫಾರ್ಮಿನ ಒಂದೊಂದೇ ಖಾನೆ ತುಂಬಿದಳು. ಬಂದ ತಾರೀಖಿನ ಖಾನೆಯಲ್ಲಿ ಬೆರಳು ನಿಂತಿತು. “ಇವತ್ತಿನ ತಾರೀಖ ಹಾಕಕ್ಕಾ, ಯಾರಿಗೆ ತಿಳೀತೈತಿ?” ಎಂದ ಹುಲಗಪ್ಪ. ತೆರೆದ ಬಾಗಿಲಿನಿಂದ ಅತ್ತೆ ಕಾಣುತ್ತಿದ್ದಳು. ಒಲೆಯ ಮೇಲೆ ಗಂಜಿ ಉಕ್ಕುತ್ತಿದ್ದರೂ ಕಿವಿಯಿಂದ ಕೈ ತೆಗೆದಿರಲಿಲ್ಲ. ಹಾಳಾಗಿ ಹೋಗಲಿ ಎಂದುಕೊಂಡು ಹಸೀಬಾ ಮೂರು ದಿನದ ಹಿಂದಿನ ತಾರೀಖನ್ನೇ ಒತ್ತಿ ಕಳಿಸಿ, ಅದರ ಪ್ರಿಂಟು ತರಿಸಿ ಫೈಲಿಗೆ ಸೇರಿಸಿದಳು.

ಮಧ್ಯಾಹ್ನ ಬಂದ ಅಧಿಕಾರಿ ಕನ್ನಡಕ ಹಾಕಿಕೊಂಡು, ಹಾಳೆ ಹಾಳೆಯನ್ನೂ ಓದಿದರು. ಐದನೆಯದಕ್ಕೆ ನಿಂತರು.

“ಇದು ಇವತ್ತು ಕಳಿಸಿದ್ದೀರಿ. ಬಂದು ಮೂರು ದಿನ ಆಗಿದೆ.”

“ಹೌದ್ರಿ.”

“ಯಾಕೆ?”

ಹಸೀಬಾ ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ಅಧಿಕಾರಿ ಕನ್ನಡಕ ತೆಗೆದು ಮುದುಕಿಯನ್ನು ನೋಡಿದರು.

“ಅಜ್ಜಿ, ಮನೆಗೆ ಬಂದವರು ಯಾರು ಅಂತ ಕೇಳಬೇಕಾಗುತ್ತೆ. ನೋಡಿ, ನಾನೂ ನನ್ನ ಕಾರ್ಡು ತೋರಿಸಬೇಕು,” ಎಂದು ಗುರುತಿನ ಚೀಟಿ ಚಾಚಿದರು.

“ಒಳಗಿಟ್ಕೋರಿ ಅದನ್ನ,” ಎಂದಳು ಶಾಹಜಾದಬಿ. “ಬಿಸಲಾಗ ಬಂದೀರಿ. ಕೈ ತೊಳ್ಕೋರಿ, ಉಣ್ಣಾಕ ಬಡಸ್ತೀನಿ.”

ಅಧಿಕಾರಿ ಊಟ ಬೇಡವೆಂದರು. ಮಜ್ಜಿಗೆ ಮಾತ್ರ ಕುಡಿದರು. ಆಮೇಲೆ ಲೋಟ ಪಕ್ಕಕ್ಕಿಟ್ಟು ನೋಟೀಸು ಬರೆದರು. ಏಳು ದಿನದೊಳಗೆ ಲಿಖಿತ ಉತ್ತರ ಕೊಡಬೇಕು. ಈ ಸಲ ಎಚ್ಚರಿಕೆ, ಇನ್ನೊಂದು ಸಲ ಹೀಗಾದರೆ ಬೀಗ. ತಾರೀಖು ಸುಳ್ಳು ಹಾಕಿದ್ದರೆ ಇವತ್ತೇ ಬೀಗ ಹಾಕುತ್ತಿದ್ದೆ ಎಂದೂ ಹೇಳಿದರು. ಹಸೀಬಾ ಹುಲಗಪ್ಪನ ಕಡೆ ನೋಡಿದಳು. ಅವನು ಅಂಗಿಯ ಮೇಲಿನ ಗುಂಡಿ ಬಿಚ್ಚಿಕೊಳ್ಳುತ್ತಿದ್ದ.

ಕೊನೆಗೆ ಪಾಸ್‌ಪೋರ್ಟನ್ನು ಕಾಗದದ ಜೊತೆ ತಾಳೆ ನೋಡಲೆಂದು ಅಧಿಕಾರಿ ಹೆಸರನ್ನು ಓದಲು ಬಾಯಿ ತೆರೆದರು. ಮುದುಕಿಯ ಕೈ ಸೆರಗಿನ ಸಮೇತ ಕಿವಿಗೆ ಹೋಯಿತು. ಅವರು ಅವಳನ್ನು ನೋಡಿದರು, ಗಡಿಯಾರ ನೋಡಿದರು. ಮನಸ್ಸಿನಲ್ಲೇ ಓದಿಕೊಂಡು, ಪಾಸ್‌ಪೋರ್ಟು ಮುಚ್ಚಿ ಹಸೀಬಾಳ ಕೈಗಿಟ್ಟರು. ಡಾಕ್ಟರಿಗೆ ತೋರಿಸಿ ಎಂದು ಹೇಳಿ ಜೀಪು ಹತ್ತಿದರು.

ಡಾಕ್ಟರು ಬಂದು ಸೂಜಿ ಚುಚ್ಚಿ ಹೋದ ಮೇಲೆ ಹೊತ್ತು ಮುಳುಗಿತು. ಗದ್ದೆಗಳ ಆಚೆಯಿಂದ ಸಂಜೆಯ ಬಾಂಗ್ ಕೇಳಿಸಿತು. ಶಾಹಜಾದಬಿ ಮುಖ ತೊಳೆದು, ನಮಾಜು ಮುಗಿಸಿ, ಗಂಜಿಯ ಬಟ್ಟಲು ಹಿಡಿದು ಹಾಸಿಗೆಯ ಪಕ್ಕ ಕೂತಳು. ನೋಟೀಸನ್ನು ಫೈಲಿಗೆ ಸೇರಿಸುತ್ತಿದ್ದ ಹಸೀಬಾ ಬಾಗಿಲಲ್ಲಿ ನಿಂತಳು. ಆ ಹೆಸರು ಅವಳಿಗೆ ಗೊತ್ತಿತ್ತು. ಅವಳು ಹೇಳಲಿಲ್ಲ.

“ಶಾಹಜಾದಬಿ,” ಎಂದಳು ಮುದುಕಿ, ತನ್ನ ಎದೆಯ ಮೇಲೆ ಅಂಗೈ ಇಟ್ಟುಕೊಂಡು. ಆಮೇಲೆ ಅದೇ ಅಂಗೈಯನ್ನು ಮೆಲ್ಲಗೆ ಮುಂದಕ್ಕೆ ಚಾಚಿದಳು.

ಆ ಹೆಂಗಸು ಎದ್ದು ಕೂತು, ತಾನೂ ಎದೆಯ ಮೇಲೆ ಅಂಗೈ ಇಟ್ಟುಕೊಂಡಳು. ಶಾಹಜಾದಬಿ ಕಿವಿಯ ಮೇಲಿನ ಸೆರಗು ಸರಿಸಿ ಮುಂದಕ್ಕೆ ಬಾಗಿದಳು.