ಅರಿಶಿನ ಕುಂಕುಮದ ಜೊತೆ ನಲವತ್ತಮೂರು ಸಹಿ

ನವೆಂಬರ್ ಹನ್ನೆರಡು, ಮಂಗಳವಾರ, ಸಂಜೆ ಏಳು ಗಂಟೆ. ಡೆಟ್ರಾಯಿಟ್‌ನ ಪಶ್ಚಿಮಕ್ಕಿರುವ ಉಪನಗರವೊಂದರಲ್ಲಿ ಶಾಲಾ ಮಂಡಳಿಯ ಸಭೆ ಶುರುವಾಯಿತು. ಯಾವ ಮನೆಗಳ ಮಕ್ಕಳು ಯಾವ ಶಾಲೆಗೆ ಎಂದು ಗುರುತಿಸುವ ಗಡಿಯನ್ನು ಹೊಸದಾಗಿ ಎಳೆಯಬೇಕೇ ಎಂಬುದು ಅಂದಿನ ವಿಷಯ. ಎಳೆದರೆ ದೊಡ್ಡ ರಸ್ತೆಯಾಚೆಯ ಅಪಾರ್ಟ್‌ಮೆಂಟುಗಳ ಅರವತ್ತೊಂದು ಮಕ್ಕಳು ಬೇರೆ ಶಾಲೆಗೆ ಹೋಗಬೇಕು. ಅವರಲ್ಲಿ ಬಹುಪಾಲು ಕಪ್ಪು ಜನಾಂಗದವರು. ಮಾತಾಡುವವರ ಪಟ್ಟಿಯಲ್ಲಿ ಪದ್ಮಳ ಹೆಸರು ಒಂಬತ್ತನೆಯದು.

ಗಡಿ ಬದಲಿಸಿ ಎಂಬ ಮನವಿಯನ್ನು ಬರೆದವಳು ಅವಳೇ. ಅದರಲ್ಲಿ ಬಣ್ಣದ ಮಾತು ಎಲ್ಲೂ ಇರಲಿಲ್ಲ. ತರಗತಿಗಳು ಕಿಕ್ಕಿರಿದಿವೆ, ಶಾಲೆಯ ರೇಟಿಂಗ್ ಇಳಿದಿದೆ ಎಂದಿತ್ತು. ಸಹಿಗಳು ಬಿದ್ದದ್ದು ನವರಾತ್ರಿಯಲ್ಲಿ, ಅವಳ ಮನೆಗೆ ಗೊಂಬೆ ನೋಡಲು ಬಂದವರಿಂದ. ಕುಂಕುಮ ಇಟ್ಟು, ತಾಂಬೂಲ ಕೊಟ್ಟು, ಕಾಗದ ಮುಂದಿಟ್ಟರೆ ಬೇಡ ಅನ್ನುವವರು ಯಾರು?

“ಸೈನ್ ಹಾಕಿದ್ರೇನೇ ತಾಂಬೂಲಾನಾ?” ಎಂದು ಗೆಳತಿ ಭಾನು ನಗುತ್ತಲೇ ಪೆನ್ನು ಹಿಡಿದಿದ್ದಳು. ಆಮೇಲೆ ದನಿ ತಗ್ಗಿಸಿ, “ಪಾಪ, ಆ ಮಕ್ಕಳು ಏನ್ ಮಾಡಿದ್ವೇ?” ಅಂದಿದ್ದಳು.

“ಅವರಿಗೂ ಸ್ಕೂಲ್ ಇದೆಯಲ್ಲ. ನಾವೆಲ್ಲ ಈ ಸ್ಕೂಲ್ ನೋಡ್ಕೊಂಡೇ ಅಲ್ವಾ ಈ ಬಡಾವಣೆಗೆ ಬಂದಿದ್ದು?” ಎಂದಿದ್ದಳು ಪದ್ಮ.

ಪದ್ಮಳ ಮಗಳು, ಎಂಟು ವರ್ಷದ ತನ್ಮಯಿ, ಆಗ ಉಸಲಿಯ ಬಟ್ಟಲುಗಳನ್ನು ಹಂಚುತ್ತಿದ್ದಳು. ಅವಳು ಶಾಲೆಯಲ್ಲಿ ಬಾಯಿ ಬಿಡದ ಹುಡುಗಿ. ಇಮಾನಿ ಎಂಬ ಕಪ್ಪು ಹುಡುಗಿಯ ಜೊತೆ ಮಾತ್ರ ಮಾತಾಡುತ್ತಾಳೆಂದು ಶಿಕ್ಷಕಿ ಹೇಳಿದ್ದರು. ಗೊಂಬೆ ನೋಡಲು ಅವಳನ್ನೂ ಕರೆಯಲೇ ಎಂದು ತನ್ಮಯಿ ಹಬ್ಬಕ್ಕೆ ಮೊದಲೇ ಕೇಳಿದ್ದಳು.

“ಗೊಂಬೆಗೆ ನಮ್ಮೋರನ್ನ ಮಾತ್ರ ಕರೆಯೋದು ಪುಟ್ಟಿ.”

“ಬಟ್ ಶೆರಿಲ್ ಈಸ್ ಕಮಿಂಗ್.”

ಶೆರಿಲ್ ಪಕ್ಕದ ಮನೆಯ ಬಿಳಿಯ ಹೆಂಗಸು. ಪದ್ಮ ಕಾರಿನ ಕೀಲಿ ಎತ್ತಿಕೊಂಡು, ವೀಳ್ಯದೆಲೆ ತರಲು ಪಕ್ಕದೂರು ಕ್ಯಾಂಟನ್ನಿನ ಇಂಡಿಯನ್ ಅಂಗಡಿಗೆ ಹೊರಟಿದ್ದಳು. ಇಮಾನಿಯ ಮನೆ ಎಲ್ಲಿ ಎಂದು ಅವಳು ಕೇಳಲೇ ಇಲ್ಲ.

ಸಭೆಯಲ್ಲಿ ಆರನೆಯವರಾಗಿ ಮೈಕಿನ ಮುಂದೆ ನಿಂತದ್ದು ನರ್ಸಿನ ಉಡುಪಿನಲ್ಲಿದ್ದ ಕಪ್ಪು ಹೆಂಗಸು.

“ನನ್ನ ಮಗಳು ಯಾವ ಶಾಲೆಯಲ್ಲಾದರೂ ಓದುತ್ತಾಳೆ,” ಎಂದರು ಆಕೆ. “ಅವಳ ಪಕ್ಕ ಕೂರುವ ಒಂದು ಹುಡುಗಿ ಇದ್ದಾಳೆ. ನೀರು ಬೇಕಾದರೂ, ಹೊಟ್ಟೆ ನೋವಾದರೂ ಟೀಚರಿಗೆ ಹೇಳುವುದಿಲ್ಲ. ಇಮಾನಿಯ ಕಿವಿಯಲ್ಲಿ ಹೇಳುತ್ತಾಳೆ, ಇಮಾನಿ ಟೀಚರಿಗೆ ಹೇಳುತ್ತಾಳೆ. ವಾರದಿಂದ ನನ್ನ ಮಗಳದು ಒಂದೇ ಪ್ರಶ್ನೆ. ನಾನು ಹೋದಮೇಲೆ ಅವಳು ಯಾರಿಗೆ ಹೇಳುತ್ತಾಳೆ ಅಂತ.”

ಪಕ್ಕದಲ್ಲಿದ್ದ ಗಂಡ ಬದರೀನಾಥ ಪದ್ಮಳ ಕಡೆ ತಿರುಗಿದ. “ನಮ್ಮ ತನ್ಮಯಿ ಕಣೇ,” ಎಂದ ಮೆಲ್ಲಗೆ.

ಪದ್ಮಳ ಸರದಿ ಏಳೂ ನಲವತ್ತಕ್ಕೆ ಬಂತು. ಬರೆದು ತಂದಿದ್ದ ಹಾಳೆಯನ್ನು ಕುರ್ಚಿಯ ಮೇಲೇ ಬಿಟ್ಟು ಎದ್ದಳು.

“ಆ ಹುಡುಗಿ ನನ್ನ ಮಗಳು. ಮನವಿ ಬರೆದವಳು ನಾನು. ನನ್ನ ಸಹಿ ತೆಗೆದುಬಿಡಿ.”

ಕೊಟ್ಟಿದ್ದ ಮೂರು ನಿಮಿಷದಲ್ಲಿ ಇಪ್ಪತ್ತು ಸೆಕೆಂಡೂ ಮುಗಿದಿರಲಿಲ್ಲ. ವಾಪಸು ಬರುವಾಗ ಭಾನು ಅವಳ ಸೆರಗು ಹಿಡಿದು ನಿಲ್ಲಿಸಿದಳು. “ನಮ್ಮ ಕೈಲೆಲ್ಲ ಸೈನ್ ಹಾಕಿಸಿ, ಈಗ ನೀನೊಬ್ಬಳೇ ಒಳ್ಳೆಯವಳಾಗ್ಬಿಟ್ಯಾ?”

ಪದ್ಮ ಸೆರಗು ಬಿಡಿಸಿಕೊಂಡು ಹೋಗಿ ಕೂತಳು. ನಲವತ್ತಮೂರರಲ್ಲಿ ಒಂದು ಕಳೆದು ನಲವತ್ತೆರಡು ಸಹಿಗಳು ಉಳಿದವು. ಮಂಡಳಿ ಎರಡರ ವಿರುದ್ಧ ಐದು ಮತಗಳಿಂದ ಹೊಸ ಗಡಿಯನ್ನು ಒಪ್ಪಿತು.

ಹೊರಗೆ ಪಾರ್ಕಿಂಗ್ ಜಾಗದಲ್ಲಿ ಪದ್ಮ ಇಮಾನಿಯ ತಾಯಿಯ ಬಳಿ ಹೋಗಿ ವಿಳಾಸ ಕೇಳಿದಳು.

“ಮಕ್ಕಳು ಸ್ನೇಹಿತರಾಗಿ ಎರಡು ವರ್ಷವಾಯಿತು,” ಎಂದಷ್ಟೇ ಹೇಳಿ ಆಕೆ ವಿಳಾಸ ಬರೆದುಕೊಟ್ಟರು. ಪದ್ಮಳ ಮನೆಯಿಂದ ಅದು ಒಂದೂಕಾಲು ಮೈಲಿ.

ಆ ವಾರದಿಂದ ಶನಿವಾರ ಶನಿವಾರ ಪದ್ಮ ಮಗಳನ್ನು ಅಲ್ಲಿಗೆ ಕರೆದೊಯ್ಯತೊಡಗಿದಳು. ಮುಂದಿನ ಸೆಪ್ಟೆಂಬರಿನಲ್ಲಿ, ಹೊಸ ಶಾಲಾ ವರ್ಷ ಶುರುವಾದಾಗ, ಇಮಾನಿ ಬೇರೆ ಶಾಲೆಗೆ ಹೋದಳು. ತನ್ಮಯಿ ಎಂಟು ವಾರಗಳಲ್ಲಿ ತರಗತಿಯಲ್ಲಿ ಒಂದು ಮಾತನ್ನೂ ಆಡಿಲ್ಲ ಎಂದು ಅಕ್ಟೋಬರ್ ಕೊನೆಯ ವರದಿಯಲ್ಲಿ ಹೊಸ ಶಿಕ್ಷಕಿ ಬರೆದರು.